ಮರಾಕೇಶದಿಂದ ಎಸ್ಸವೀರಾ: ಬೆಳಗ್ಗೆ ಹೋಗಿ ಸಂಜೆ ಬರುವುದೇ, ಎರಡು ರಾತ್ರಿ ಉಳಿಯುವುದೇ?

ಕುಕ್ಕರಹಳ್ಳಿ ಕೆರೆ · ಸೆಪ್ಟೆಂಬರ್ 9

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೂರನೇ ವಾರ ಕಚೇರಿ ಕೆಲಸದ ಮೇಲೆ ಮೊರಾಕ್ಕೋದ ಮರಾಕೇಶಕ್ಕೆ ಹೋಗುತ್ತಿದ್ದೇನೆ. ಈ ಸಲ ಅಮ್ಮನನ್ನೂ ಕರೆದೊಯ್ಯುವುದೆಂದು ನಿಶ್ಚಯಿಸಿಬಿಟ್ಟೆ. ಅವರಿಗೆ 67 ವರ್ಷ. ಮೊಣಕಾಲು ತಕರಾರು ಮಾಡುತ್ತದೆ, ಅವರು ಮಾಡುವುದಿಲ್ಲ. ಕೆಲಸ ಮುಗಿದ ಮೇಲೆ ಮೂರು ದಿನ ಕೈಯಲ್ಲಿರುತ್ತದೆ. ಎಸ್ಸೌಯಿರಾ ಎಂಬ ಹಳೆಯ ಬಂದರಿಗೆ ಬೆಳಗ್ಗೆ ಕರೆದುಕೊಂಡು ಹೋಗಿ ರಾತ್ರಿ ವಾಪಸು ತಂದುಬಿಡುವ ವ್ಯಾನ್ ಇದೆ ಎಂದು ಹೋಟೆಲಿನವರು ಬರೆದಿದ್ದಾರೆ. ಚಿತ್ರಗಳಲ್ಲಿ ನೀಲಿ ದೋಣಿ, ಬಿಳಿ ಗೋಡೆ, ಮರ ಹತ್ತಿ ನಿಂತ ಆಡುಗಳು ಬಿಟ್ಟರೆ ಬೇರೇನೂ ಕಾಣಿಸುತ್ತಿಲ್ಲ.

ಒಂದು ದಿನ ಸಾಕೇ? ಮೊಟ್ಟೆಯನ್ನೂ ಮುಟ್ಟದ ಅಮ್ಮನಿಗೆ ಮೀನಿನ ಊರಿನಲ್ಲಿ ಊಟ ಸಿಗುತ್ತದೆಯೇ? ಆ ಆಡುಗಳು ನಿಜವೇ?

ಕಾಸಾ ಕನ್ನಡಿಗ · ಸೆಪ್ಟೆಂಬರ್ 9

ಮೊದಲು ಹೆಸರು ಸರಿಮಾಡಿಕೊಳ್ಳೋಣ. ಎಸ್ಸೌಯಿರಾ ಅಲ್ಲ, ಎಸ್ಸವೀರಾ. ಫ್ರೆಂಚರು ಬರೆದಿಟ್ಟ ಕಾಗುಣಿತವನ್ನು ಅಕ್ಷರ ಅಕ್ಷರ ಓದಿದರೆ ನಾಲಗೆಗೆ ಗಂಟು ಬೀಳುತ್ತದೆ. ಊರಿನವರ ಬಾಯಲ್ಲಿ ಅದು ಬರೀ 'ಸ್ವೀರಾ'. ಬಸ್ ನಿಲ್ದಾಣದಲ್ಲಿ ಹಾಗೆಂದರೆ ಥಟ್ಟನೆ ತಿಳಿಯುತ್ತದೆ.

ಕಾಸಾಬ್ಲಾಂಕಾದಲ್ಲಿ ನಾಲ್ಕು ವರ್ಷ ಇದ್ದೆ. ಮನಸ್ಸಿಗೆ ಬೇಸರವಾದಾಗಲೆಲ್ಲ ಹೋಗುತ್ತಿದ್ದದ್ದು ಈ ಊರಿಗೇ. ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತವಿದೆ, ತಿಳಿದಿರಲಿ.

ಒಂದು ದಿನದ ವ್ಯಾನ್ ಬೇಡವೇ ಬೇಡ. ದಾರಿ ಸುಮಾರು 180 ಕಿಲೋಮೀಟರ್, ಮೂರು ಗಂಟೆ. ನಡುವೆ ಆಡಿನ ಮರದ ಬಳಿ ಒಮ್ಮೆ ನಿಲ್ಲಿಸುತ್ತಾರೆ, ಅರ್ಗಾನ್ ಎಂಬ ಮರದ ಬೀಜದ ಎಣ್ಣೆ ಮಾರುವ ಅಂಗಡಿ ಮುಂದೆ ಇನ್ನೊಮ್ಮೆ. ನೀವು ಊರು ಮುಟ್ಟುವಾಗ ಹನ್ನೊಂದೂವರೆ, ನಿಮ್ಮಂಥ ಇನ್ನೂ ಹತ್ತಿಪ್ಪತ್ತು ವ್ಯಾನುಗಳ ಜನ ಅದೇ ಗೋಡೆಯ ಮೇಲೆ ಅದೇ ಫಿರಂಗಿಗೆ ಒರಗಿ ಚಿತ್ರ ತೆಗೆಸಿಕೊಳ್ಳುತ್ತಿರುತ್ತಾರೆ. ನಾಲ್ಕು ಗಂಟೆಗೆ ಕೂಗಿ ಹತ್ತಿಸಿಕೊಳ್ಳುತ್ತಾರೆ. ಊರು ತನ್ನ ಪಾಡಿಗೆ ಉಸಿರಾಡಲು ತೊಡಗುವುದೇ ಆಮೇಲೆ: ದೋಣಿಗಳು ಬರುತ್ತವೆ, ಮಕ್ಕಳು ಕಡಲತೀರದಲ್ಲಿ ಚೆಂಡು ಒದೆಯುತ್ತಾರೆ, ಅಂಗಡಿಯವರು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಾರೆ.

ರೈಲು ಇಲ್ಲ. ಮರಾಕೇಶದ ರೈಲು ನಿಲ್ದಾಣದ ಪಕ್ಕದಿಂದ ಸುಪ್ರಾತೂರ್ಸ್ ಬಸ್ ಹೊರಡುತ್ತದೆ, ಸಿ.ಟಿ.ಎಂ. ಬಸ್ಸೂ ಇದೆ. ನನ್ನ ಕಾಲದಲ್ಲಿ ಟಿಕೆಟ್ 100 ದಿರ್ಹಮ್ ಆಸುಪಾಸು ಇತ್ತು. ಹಿಂದಿನ ದಿನವೇ ಕಾಯ್ದಿರಿಸಿ. ಕೋಟೆಯೊಳಗಿನ ಹಳೆ ಊರಿಗೆ, ಅಲ್ಲಿಯವರ ಮಾತಿನಲ್ಲಿ ಮದೀನಾಕ್ಕೆ, ಕಾರು ಹೋಗುವುದಿಲ್ಲ. ಬಾಗಿಲ ಬಳಿ ತಳ್ಳುಗಾಡಿಯವರು ಕಾದಿರುತ್ತಾರೆ, ಇಪ್ಪತ್ತು ಮೂವತ್ತು ದಿರ್ಹಮ್ ಕೊಟ್ಟರೆ ಪೆಟ್ಟಿಗೆಗಳನ್ನು ಹೇರಿಕೊಂಡು ಮನೆ ಬಾಗಿಲಿಗೆ ಬಿಡುತ್ತಾರೆ. ಗಾಡಿಗೆ ಕೈ ಹಾಕುವ ಮೊದಲೇ ದರ ಮಾತಾಡಿ.

ಉಳಿಯಲು ರಿಯಾದ್ ನೋಡಿ. ನಮ್ಮ ತೊಟ್ಟಿಮನೆಯ ದಾಯಾದಿ ಅದು, ನಡುವೆ ಅಂಗಳ, ಸುತ್ತ ಕೋಣೆ. ಮೆಟ್ಟಿಲು ಮಾತ್ರ ಕಡಿದು, ಕಿರಿದು. ಅಮ್ಮನ ಮೊಣಕಾಲಿನ ವಿಷಯ ಹೇಳಿ ನೆಲ ಅಂತಸ್ತಿನ ಕೋಣೆಯನ್ನೇ ಕೇಳಿ. ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕು. 2022ರಿಂದ ಇ-ವೀಸಾ ಇದೆ, ಅರ್ಜಿ ಆನ್‌ಲೈನಿನಲ್ಲೇ. ದಿರ್ಹಮ್ ಇಲ್ಲಿಂದ ಒಯ್ಯುವ ಯೋಚನೆ ಬಿಡಿ. ಯೂರೋ ಇಟ್ಟುಕೊಂಡು ಹೋಗಿ, ಅಲ್ಲೇ ಬದಲಿಸಿ.

ರಾಜಾಜಿನಗರ 3ನೇ ಬ್ಲಾಕ್ · ಸೆಪ್ಟೆಂಬರ್ 10

ನಾನು ಹೇಳುವುದು ಯಾರಿಗೂ ಹಿಡಿಸಲಿಕ್ಕಿಲ್ಲ. ಎರಡು ರಾತ್ರಿಗೆ ಹಣ ಕಟ್ಟಿ ಒಂದೇ ರಾತ್ರಿಗೆ ಓಡಿಬಂದವರು ನಾವು.

ಜುಲೈ ತಿಂಗಳು. ಮರಾಕೇಶದ ಬೇಗೆಯಿಂದ ತಪ್ಪಿಸಿಕೊಂಡು ಕಡಲತೀರದಲ್ಲಿ ಮಲಗೋಣವೆಂದು ಹೋದರೆ, ಮಲಗುವುದಿರಲಿ, ನಿಲ್ಲಲೂ ಆಗಲಿಲ್ಲ. ಗಾಳಿ ಅಂದರೆ ಸಾಮಾನ್ಯ ಗಾಳಿಯಲ್ಲ. ಮರಳು ಕಣ್ಣಿಗೆ, ಕಿವಿಗೆ, ಹಲ್ಲಿನ ಸಂದಿಗೆ. ಮಗನ ಟೋಪಿ ಅಟ್ಲಾಂಟಿಕ್ ಸಾಗರಕ್ಕೆ ಅರ್ಪಿತವಾಯಿತು. ನೀರಿಗೆ ಕಾಲಿಟ್ಟರೆ ಐಸ್ ಪೆಟ್ಟಿಗೆ. ರಾತ್ರಿ ಹಾಸಿಗೆಯೆಲ್ಲ ತೇವ, ಬೆಳಗಿನ ನಾಲ್ಕಕ್ಕೆ ತಾರಸಿಯ ಮೇಲೆ ಕಡಲಹಕ್ಕಿಗಳ ಪಂಚಾಯಿತಿ.

ಬಂದರಿನ ಬಳಿ ಮೀನು ಸುಟ್ಟುಕೊಡುವ ಒಂದು ಅಂಗಡಿಯಲ್ಲಿ ಕೂತೆವು. ಹೆಸರು ಹೇಳುವುದಿಲ್ಲ. 'ನಿಮಗಾಗಿ ಒಳ್ಳೆಯ ಬೆಲೆ' ಎಂದ. ತಿಂದ ಮೇಲೆ 640 ದಿರ್ಹಮ್ ಎಂದ. ಮೂರು ಜನಕ್ಕೆ! ಕೇಳಿದರೆ ಸಿಗಡಿ ತೂಕದ ಲೆಕ್ಕ ಎಂಬ ಉತ್ತರ. ಕೋಟೆ, ಬಂದರು ಎರಡೂ ಸೇರಿ ಎರಡು ಗಂಟೆಯ ನೋಟ. ನನ್ನ ಮಟ್ಟಿಗೆ ಒಂದು ದಿನವೇ ಹೆಚ್ಚು.

ಮಲ್ಪೆ ಮೀನು · ಸೆಪ್ಟೆಂಬರ್ 10

ರಾಜಾಜಿನಗರದವರೇ, ಬಿಲ್ಲಿನ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಗಾಳಿಯನ್ನು ಮಾತ್ರ ಬೈಯಬೇಡಿ, ನಿಮ್ಮ ತಟ್ಟೆಗೆ ಮೀನು ತಂದದ್ದು ಅದೇ.

ಸುಮಾರು ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಆ ಕರಾವಳಿಯುದ್ದಕ್ಕೂ ಉತ್ತರದ ಕಡೆಯಿಂದ ವಾಣಿಜ್ಯ ಮಾರುತ ಬೀಸುತ್ತದೆ. ಅದು ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಆಳದ ತಣ್ಣನೆಯ ನೀರು ಎದ್ದು ಬರುತ್ತದೆ. ಆ ನೀರಿನಲ್ಲಿ ಗೊಬ್ಬರವಿದೆ. ಗೊಬ್ಬರಕ್ಕೆ ಸೂಕ್ಷ್ಮ ಸಸ್ಯ, ಅದನ್ನು ತಿನ್ನಲು ಸಾರ್ಡೀನ್ ಹಿಂಡು. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ನಡೆಯುವುದೂ ಇದೇ ಆಟ, ಆಮೇಲೆ ಬೂತಾಯಿ ಬಲೆ ತುಂಬುತ್ತದೆ. ನಮ್ಮದು ಕೆಲವೇ ತಿಂಗಳ ಸಂಭ್ರಮ. ಅಲ್ಲಿಯದು ದೊಡ್ಡ ಪ್ರಮಾಣದ್ದು, ಡಬ್ಬಿ ಸಾರ್ಡೀನ್ ರಫ್ತಿನಲ್ಲಿ ಮೊರಾಕ್ಕೋ ಜಗತ್ತಿನ ಮುಂಚೂಣಿಯಲ್ಲಿದೆ. ಮರಾಕೇಶದಲ್ಲಿ 40 ಡಿಗ್ರಿ ಇರುವಾಗ ಎಸ್ಸವೀರಾದಲ್ಲಿ 25 ದಾಟದಿರುವುದಕ್ಕೂ, ನಿಮ್ಮ ಕಾಲಿಗೆ ಐಸ್ ತಗುಲಿದ್ದಕ್ಕೂ ಕಾರಣ ಒಂದೇ. ಹಾಯಿಹಲಗೆ ಆಟಗಾರರು ದುಡ್ಡು ಕೊಟ್ಟು ಹುಡುಕಿಕೊಂಡು ಬರುವುದೂ ಇದೇ ಗಾಳಿಗೆ. ಅಕ್ಟೋಬರಿನಲ್ಲಿ ಅದರ ಸೊಕ್ಕು ಬಹಳ ಮಟ್ಟಿಗೆ ಇಳಿದಿರುತ್ತದೆ.

ಮೀನು ತಿನ್ನುವವರಿಗೆ ಒಂದು ಮಾತು. ಚಿತ್ರದ ಹಲಗೆ ಹಿಡಿದು ಕೈ ಎಳೆಯುವ ಕಡೆ ಹೋಗಬೇಡಿ. ಹಳೆ ಊರಿನ ಒಳಗೆ ಮೀನು ಪೇಟೆ ಇದೆ. ಅಲ್ಲಿ ನೀವೇ ಆರಿಸಿ, ಕಿಲೋ ಲೆಕ್ಕದಲ್ಲಿ ಕೊಂಡು, ಪಕ್ಕದಲ್ಲಿ ಕೆಂಡ ಹಾಕಿಕೊಂಡು ಕೂತವನಿಗೆ ಕೊಟ್ಟರೆ ಅಲ್ಪ ಕೂಲಿಗೆ ಸುಟ್ಟು, ಬ್ರೆಡ್ಡು, ನಿಂಬೆ ಹೋಳು ಇಟ್ಟು ಕೊಡುತ್ತಾನೆ. ಉಪ್ಪು, ಜೀರಿಗೆ ಪುಡಿ ಬಿಟ್ಟರೆ ಮಸಾಲೆಯಿಲ್ಲ. ಮೊದಲ ತುತ್ತಿಗೆ ಕೈ ತನ್ನಷ್ಟಕ್ಕೆ ಮೆಣಸಿನ ಪುಡಿ ಹುಡುಕಿತು, ಎರಡನೆಯ ತುತ್ತಿಗೆ ಸುಮ್ಮನಾಯಿತು. ಇಷ್ಟು ಹೊಸ ಮೀನಿಗೆ ಕುಂದಾಪುರದ ಮಸಾಲೆ ಅರೆದು ಹಾಕುವುದು ಅದರ ಬಾಯಿ ಮುಚ್ಚಿಸಿದಂತೆ. (ಮನೆಯಲ್ಲಿ ಈ ಮಾತು ಹೇಳುವ ಧೈರ್ಯ ನನಗಿಲ್ಲ.)

ಕುಕ್ಕರಹಳ್ಳಿ ಕೆರೆ · ಸೆಪ್ಟೆಂಬರ್ 10

ಮೀನಿನ ವರ್ಣನೆ ಓದಿ ಅಮ್ಮ 'ನಾನು ಮರಾಕೇಶದಲ್ಲೇ ಇರುತ್ತೇನೆ, ನೀನು ಹೋಗಿ ಬಾ' ಎನ್ನುತ್ತಿದ್ದಾರೆ. ಯಾರಾದರೂ ಕಾಪಾಡಿ.

ಪುಳಿಯೋಗರೆ ಡಬ್ಬಿ · ಸೆಪ್ಟೆಂಬರ್ 11

ಅಮ್ಮನವರಿಗೆ ಹೇಳಿ, ಅಲ್ಲಿ ಉಪವಾಸ ಬೀಳುವುದಿಲ್ಲ. ನಾನೂ ಅದೇ ಜಾತಿಯ ಹೊಟ್ಟೆ.

ಬೆಳಗ್ಗೆ ಬಿಸ್ಸಾರ ಹುಡುಕಿ. ಒಣಗಿದ ಫಾವಾ ಅವರೆಯನ್ನು ಬೇಯಿಸಿ ನುಣ್ಣಗೆ ಮಾಡಿದ ಗಟ್ಟಿ ಸಾರು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ಕೂಲಿಯವರು ತಿನ್ನುವ ತಿಂಡಿ, ಆದ್ದರಿಂದ ಹತ್ತು ಗಂಟೆಗೆ ಪಾತ್ರೆ ಖಾಲಿ, ಬೆಲೆಯೂ ಕಡಿಮೆ. ಮ್ಸೆಮೆನ್ ಎಂದರೆ ಮಡಿಕೆ ಮಡಿಕೆಯ ಚೌಕದ ಪರೋಟ. ಬಗ್ರೀರ್ ಒಂದೇ ಮಗ್ಗುಲು ಬೇಯಿಸುವ ರವೆಯ ದೋಸೆ, ಮೇಲೆಲ್ಲ ಕಣ್ಣು ಕಣ್ಣು. ನೋಡಿದರೆ ಸೆಟ್ ದೋಸೆಯ ತಂಗಿ, ಆದರೆ ಜೊತೆಗೆ ಬರುವುದು ಸಾಗು ಅಲ್ಲ, ಬೆಣ್ಣೆ ಮತ್ತು ಜೇನು. ಜಾಲೂಕ್ ಸುಟ್ಟ ಬದನೆ, ಟೊಮೆಟೊ, ಬೆಳ್ಳುಳ್ಳಿಯ ಗೊಜ್ಜು. ಅಮ್ಮನವರು ಅದನ್ನು ಬದನೆಕಾಯಿ ಬಜ್ಜಿ ಎಂದೇ ಕರೆಯುತ್ತಾರೆ, ಬರೆದಿಟ್ಟುಕೊಳ್ಳಿ.

ಎಚ್ಚರ ಬೇಕಾದದ್ದು ಎರಡು ಕಡೆ. ತರಕಾರಿ ತಾಜೀನ್ (ಮುಚ್ಚಳದ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಅಡುಗೆ) ಎಂದು ಬರೆದಿದ್ದರೂ ಮಾಂಸದ ಜೊತೆ ಬೇಯಿಸಿ ಮಾಂಸ ಮಾತ್ರ ಎತ್ತಿಟ್ಟು ಕೊಡುವುದುಂಟು. ಹರೀರಾ ಸಾರಿನಲ್ಲೂ ತುಣುಕು ಇರಬಹುದು. 'ಬ್ಲಾ ಲ್ಹಮ್, ಬ್ಲಾ ಹೂತ್' ಎಂದರೆ ಮಾಂಸ ಬೇಡ, ಮೀನು ಬೇಡ. ಹೇಳಿದ ಮೇಲೆ ಒಂದು ಕ್ಷಣ ಕನಿಕರದಿಂದ ನೋಡುತ್ತಾರೆ, ಕಾಯಿಲೆಯೇನೋ ಎಂದು. ಆಮೇಲೆ ಪ್ರೀತಿಯಿಂದ ಬಡಿಸುತ್ತಾರೆ. 'ಸಾಫಿ' ಎಂದರೆ ಸಾಕು. ಈ ಪದ ಗಟ್ಟಿಯಾಗಿ ಕಲಿತಿರಲಿ, ಇಲ್ಲವಾದರೆ ಬಡಿಸುತ್ತಲೇ ಇರುತ್ತಾರೆ.

ಅಮ್ಲೂ ಮರೆಯಬೇಡಿ. ಹುರಿದ ಬಾದಾಮಿಯನ್ನು ಅರ್ಗಾನ್ ಎಣ್ಣೆ, ಜೇನಿನೊಂದಿಗೆ ಅರೆದ ಸಿಹಿ. ಡಬ್ಬಿ ತಂದರೆ ಕೈಚೀಲದಲ್ಲಿ ಇಡಬೇಡಿ, ದ್ರವವೆಂದು ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಅನುಭವದ ಮಾತು.

ಕೋಟೆ ಸುತ್ತುವವ · ಸೆಪ್ಟೆಂಬರ್ 11

'ಎರಡು ಗಂಟೆಯ ನೋಟ' ಎಂದವರಿಗೆ ಸ್ವಲ್ಪ ದೀರ್ಘವಾಗಿ ಉತ್ತರಿಸುತ್ತೇನೆ. ಬೇಡದವರು ದಾಟಿ ಹೋಗಬಹುದು.

ಫೆಸ್ ಅಥವಾ ಮರಾಕೇಶದ ಹಳೆ ಊರಿನಲ್ಲಿ ದಾರಿ ತಪ್ಪದೆ ಯಾರೂ ಹೊರಬರುವುದಿಲ್ಲ. ಇಲ್ಲಿ ತಪ್ಪಿಸಿಕೊಳ್ಳುತ್ತೇನೆಂದರೂ ಆಗುವುದಿಲ್ಲ, ಬೀದಿಗಳು ನೇರ. ಏಕೆಂದರೆ ಇದು ತಾನಾಗಿ ಬೆಳೆದ ಊರಲ್ಲ, ಕಾಗದದ ಮೇಲೆ ಗೆರೆ ಎಳೆದು ಕಟ್ಟಿಸಿದ್ದು. 1760ರ ದಶಕದಲ್ಲಿ ಸುಲ್ತಾನ ಸೀದಿ ಮೊಹಮ್ಮದ್ ಬೆನ್ ಅಬ್ದಲ್ಲಾ ಯುರೋಪಿನೊಂದಿಗಿನ ವ್ಯಾಪಾರವನ್ನು ತನ್ನ ಹಿಡಿತದ ಬಂದರಿಗೆ ತರಬೇಕು, ದಕ್ಷಿಣದ ಅಗಾದಿರ್ ಸೊರಗಬೇಕು ಎಂದು ಲೆಕ್ಕ ಹಾಕಿದ. ನಕ್ಷೆಗೆ ಥಿಯೋಡೋರ್ ಕೊರ್ನ್ಯೂ ಎಂಬ ಫ್ರೆಂಚ್ ಎಂಜಿನಿಯರನನ್ನು ಹಿಡಿದ. ಫ್ರಾನ್ಸಿನ ವೋಬಾನ್ ರೂಢಿಗೆ ತಂದ ಕೋಟೆ ಶಾಸ್ತ್ರದ ಛಾಯೆ ಇಲ್ಲಿಯ ಗೋಡೆಗಳಲ್ಲಿದೆ. ಅದೇ ಶಾಸ್ತ್ರದ ಇನ್ನೊಂದು ಕುಡಿ ನಮ್ಮ ಸಕಲೇಶಪುರದ ಮಂಜರಾಬಾದ್, ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಕೋಟೆ. ಎರಡನ್ನೂ ನೋಡಿದವರಿಗೆ ದೂರದ ನೆಂಟಸ್ತಿಕೆ ತಿಳಿಯುತ್ತದೆ.

ಊರಿನ ಹಳೆ ಹೆಸರು ಮೊಗಾದೋರ್. ಪೋರ್ಚುಗಲ್ಲಿನ ದೊರೆ ಒಂದನೇ ಮನುಯೆಲ್ 1506ರಲ್ಲಿ ಅಲ್ಲೊಂದು ಕೋಟೆ ಕಟ್ಟಿಸಿದ. ಸ್ಥಳೀಯರು ಬಿಡಲಿಲ್ಲ, 1510ರಲ್ಲಿ ಅದು ಕೈತಪ್ಪಿತು. ಅದೇ 1510ರಲ್ಲಿ ಅದೇ ದೊರೆಯ ಕಡೆಯ ಅಲ್ಬುಕರ್ಕ್, ಹೊನ್ನಾವರದ ತಿಮ್ಮಯ್ಯನ ಬೆಂಬಲದಿಂದ ಗೋವೆ ಹಿಡಿದ. ಅಟ್ಲಾಂಟಿಕ್ ದಡದಲ್ಲಿ ಬಾಗಿಲು ಮುಚ್ಚಿದ ವರ್ಷವೇ ನಮ್ಮ ಮಗ್ಗುಲಲ್ಲಿ ತೆರೆಯಿತು. ಆ ಗೋಡೆಯ ಮೇಲೆ ನಿಂತಾಗ ನನಗೆ ಬೇರೆಲ್ಲಕ್ಕಿಂತ ಕಾಡಿದ್ದು ಇದೇ.

ಇನ್ನೂ ಹಿಂದಕ್ಕೆ ಹೋದರೆ ಎದುರಿನ ದ್ವೀಪ. ಕ್ರಿಸ್ತಪೂರ್ವ ಮೊದಲ ಶತಮಾನದ ಕೊನೆಯಲ್ಲಿ ಎರಡನೇ ಜುಬಾ ಎಂಬ ದೊರೆ ಇಲ್ಲಿ ಕಡಲ ಶಂಖಗಳಿಂದ ನೇರಳೆ ಬಣ್ಣ ತೆಗೆಸುತ್ತಿದ್ದ, ರೋಮಿನ ಸಿರಿವಂತರ ಉಡುಪಿಗೆ. ಈಗ ದ್ವೀಪಕ್ಕೆ ಸುಮ್ಮನೆ ಹೋಗಲು ಬಿಡುವುದಿಲ್ಲ, ಎಲಿಯೊನೋರಾ ಎಂಬ ಜಾತಿಯ ಚಾಣಗಳು ಅಲ್ಲಿ ಮರಿ ಮಾಡುತ್ತವೆ. ದುರ್ಬೀನು ಒಯ್ದರೆ ದಡದಿಂದಲೇ ನೋಡಬಹುದು.

ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಟಿಂಬಕ್ಟುವಿನ ಬಂದರು ಎನ್ನುತ್ತಿದ್ದರು. ಸಹಾರಾ ದಾಟಿ ಬಂದ ಒಂಟೆಗಳ ಮೇಲೆ ಚಿನ್ನ, ದಂತ, ಉಷ್ಟ್ರಪಕ್ಷಿಯ ಗರಿ, ಅಂಟು. ಅವುಗಳ ಜೊತೆ ಮನುಷ್ಯರೂ. ಯುರೋಪಿನ ಹಡಗುಗಳಿಂದ ಬಟ್ಟೆ, ಚೀನಾದ ಹಸಿರು ಚಹಾ. ಪುದೀನ ಹಾಕಿ ಮೊರಾಕ್ಕೋದ ಮನೆಮನೆಯಲ್ಲಿ ಕುಡಿಯುವ ಚಹಾ ಒಳನಾಡಿಗೆ ಹಬ್ಬಿದ ದಾರಿಗಳಲ್ಲಿ ಈ ಬಂದರೂ ಒಂದು. ವ್ಯಾಪಾರದ ದೊಡ್ಡ ಪಾಲು ಸುಲ್ತಾನನೇ ಕರೆಸಿ ಮನೆ ಕೊಟ್ಟು ಕೂರಿಸಿದ ಯಹೂದಿ ವರ್ತಕರದು. 1844ರಲ್ಲಿ ಫ್ರೆಂಚ್ ನೌಕೆಗಳು ಊರಿನ ಮೇಲೆ ಗುಂಡು ಸುರಿಸಿದವು. ಆಮೇಲೆ ಕಾಸಾಬ್ಲಾಂಕಾ ಬೆಳೆಯಿತು, ಇದು ಮೂಲೆಗುಂಪಾಯಿತು. ಮೂಲೆಗುಂಪಾದ್ದರಿಂದಲೇ ಉಳಿಯಿತು, 2001ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಯಹೂದಿ ಕುಟುಂಬಗಳು ಇಪ್ಪತ್ತನೇ ಶತಮಾನದ ನಡುವಿನಲ್ಲಿ ಹೊರಟುಹೋದವು, ಈಗ ಬೆರಳೆಣಿಕೆಯವರು. ಕೆಲವು ಮನೆಗಳ ಬಾಗಿಲ ಮೇಲೆ ಆರು ಮೂಲೆಯ ನಕ್ಷತ್ರ ಹಾಗೇ ಇದೆ. 2020ರಲ್ಲಿ ತೆರೆದ ಬೈತ್ ದಾಕಿರಾ, ಅಂದರೆ ನೆನಪಿನ ಮನೆಗೆ ತಪ್ಪದೆ ಹೋಗಿ.

ಸ್ಕಾಲಾ ಎಂದರೆ ಫಿರಂಗಿ ಕಟ್ಟೆ. ಎರಡಿವೆ, ಒಂದು ಊರಿನದು, ಇನ್ನೊಂದು ಬಂದರಿನದು. ಮೊಣಕಾಲಿಗೆ ಊರಿನದೇ ವಾಸಿ, ಇಳಿಜಾರು ಹತ್ತಿದರೆ ಆಮೇಲೆ ಎಲ್ಲ ಸಮತಟ್ಟು. ಅಲ್ಲಿಯ ಕಂಚಿನ ಫಿರಂಗಿಗಳು ಬಹುಪಾಲು ಸ್ಪೇನಿನಲ್ಲಿ ಎರಕ ಹೊಯ್ದವು. ಮೇಲೆ ಕೈಯಾಡಿಸಿ, ಅಕ್ಷರಗಳು ಬೆರಳಿಗೆ ಸಿಗುತ್ತವೆ.

ಹಳೇ ಕ್ಯಾಸೆಟ್ · ಸೆಪ್ಟೆಂಬರ್ 11

ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅಲ್ಲಿಯ ಪಾಳುಬಿದ್ದ ಅರಮನೆ ನೋಡಿಯೇ ಮರಳಿನ ಕೋಟೆಯ ಹಾಡು ಕಟ್ಟಿದನಂತೆ, ಹೌದೇ?

ಕೋಟೆ ಸುತ್ತುವವ · ಸೆಪ್ಟೆಂಬರ್ 11

ಹಾಡು ಹೊರಬಂದದ್ದು 1967, ಅವರು ಎಸ್ಸವೀರಾಕ್ಕೆ ಬಂದದ್ದು 1969. ಪಕ್ಕದ ದಿಯಾಬಾತ್ ಹಳ್ಳಿಯ ಕಾಫಿ ಅಂಗಡಿಗಳಿಗೆ ಈ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಆ ಹಳ್ಳಿಯ ಬಳಿ ಮರಳಲ್ಲಿ ಹೂತ ಸುಲ್ತಾನನ ಮನೆಯ ಅವಶೇಷ ಇರುವುದು ನಿಜ, ನಡೆದು ಹೋಗಿ ನೋಡುವಂಥದ್ದು.

ಅಂಕೋಲೆಯವಳು · ಸೆಪ್ಟೆಂಬರ್ 12

'ಅವುಗಳ ಜೊತೆ ಮನುಷ್ಯರೂ' ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ. ಅಲ್ಲಿ ಸ್ವಲ್ಪ ನಿಲ್ಲೋಣ.

ಸಹಾರಾದಾಚೆಯಿಂದ ಗುಲಾಮರಾಗಿ ಬಂದವರ ಸಂತತಿಯೇ ಗ್ನಾವಾ ಸಮುದಾಯ. ಎಸ್ಸವೀರಾ ಅವರ ದೊಡ್ಡ ನೆಲೆ. ಇಸ್ಲಾಮಿನ ಮೊದಲ ಮುಅಜ್ಜಿನ್, ಅಂದರೆ ನಮಾಜಿಗೆ ಕೂಗಿ ಕರೆಯುವವರು, ಆಫ್ರಿಕಾ ಮೂಲದ ಬಿಲಾಲರ ಹೆಸರಿನಲ್ಲಿ ಅವರದೊಂದು ಗುರುಪೀಠವೂ ಊರಿನಲ್ಲಿದೆ. 1998ರಿಂದ ಬೇಸಿಗೆಯಲ್ಲಿ ಗ್ನಾವಾ ಸಂಗೀತದ ಉತ್ಸವ ನಡೆಯುತ್ತದೆ, 2019ರಲ್ಲಿ ಯುನೆಸ್ಕೋ ಈ ಸಂಗೀತವನ್ನು ತನ್ನ ಪಟ್ಟಿಗೆ ಸೇರಿಸಿತು. ಉತ್ಸವದ ಜನಜಂಗುಳಿಯಲ್ಲಿ ನಾನು ಹೋಗಿರಲಿಲ್ಲ. ಫೆಬ್ರವರಿಯ ಒಂದು ರಾತ್ರಿ ಓಣಿಯಲ್ಲಿ ನಡೆಯುವಾಗ ಮುಚ್ಚಿದ ಬಾಗಿಲ ಹಿಂದಿನಿಂದ ಕೇಳಿಸಿತು. ಮೊದಲು ಗುಂಬ್ರಿ, ಚರ್ಮ ಬಿಗಿದ ಮೂರು ತಂತಿಯ ವಾದ್ಯ, ಹೊಟ್ಟೆಯೊಳಗಿಂದ ಬಂದಂಥ ದನಿ. ಅದರ ಮೇಲೆ ಕ್ರಾಕೆಬ್ ಎಂಬ ಕಬ್ಬಿಣದ ತಾಳಗಳು ಕುದುರೆ ಓಡಿದಂತೆ. ಆ ತಾಳದ ಸದ್ದು ಸಂಕೋಲೆಯ ನೆನಪು ಎಂದು ಅಲ್ಲಿ ಹೇಳುವುದುಂಟು.

ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನ ಸಿದ್ದಿಯರ ದಮಾಮಿ ಕುಣಿತದ ಬಡಿತ ಕೇಳಿ ಬೆಳೆದವಳು ನಾನು. ಕಾಲು ತಾನಾಗಿ ನಿಂತಿತು. ಇಬ್ಬರೂ ಒಂದೇ ಎನ್ನುತ್ತಿಲ್ಲ. ಗ್ನಾವಾಗಳ ಹಿರಿಯರು ಮರುಭೂಮಿ ದಾಟಿ ಬಂದವರು, ಸಿದ್ದಿಯರ ಹಿರಿಯರು ಹೆಚ್ಚಾಗಿ ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ, ಅರಬರ ಮತ್ತು ಪೋರ್ಚುಗೀಸರ ಕೈಯಿಂದ ಬಂದವರು. ಮೊರಾಕ್ಕೋದಲ್ಲಿ ದೊಡ್ಡವರನ್ನು 'ಸೀದಿ' ಎನ್ನುತ್ತಾರೆ, ಒಡೆಯ ಎಂಬ ಅರ್ಥದಲ್ಲಿ. ನಮ್ಮ 'ಸಿದ್ದಿ' ಪದದ ಬೇರನ್ನೂ ಆ ಅರಬ್ಬಿ ಮಾತಿಗೇ ಒಯ್ಯುವವರಿದ್ದಾರೆ. ಮಾರಾಟವಾದವರಿಗೆ ಒಡೆಯ ಎಂಬ ಹೆಸರು. ಯೋಚಿಸುತ್ತ ನಿಂತರೆ ತಲೆ ಭಾರವಾಗುತ್ತದೆ.

ಇನ್ನೊಂದು ಕರಾವಳಿಯ ಜಂಬ. ಮೊರಾಕ್ಕೋದ ತಂಜಿಯರ್ ಊರಿನ ಇಬ್ನ್ ಬತೂತಾ ಹದಿನಾಲ್ಕನೇ ಶತಮಾನದಲ್ಲೇ ನಮ್ಮ ಹೊನ್ನಾವರಕ್ಕೆ ಬಂದು, ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದು ಬರೆಸಿದ್ದಾನೆ. ಅವರ ಕಡೆಯವರು ಬಂದುಹೋಗಿ ಆರೂವರೆ ಶತಮಾನದ ಮೇಲಾಯಿತು, ನಮ್ಮವರು ಎರಡು ರಾತ್ರಿ ಇದ್ದು ಬರಲು ಹಿಂದೆಮುಂದೆ ನೋಡುತ್ತಿದ್ದಾರೆ.

ಕುಕ್ಕರಹಳ್ಳಿ ಕೆರೆ · ಸೆಪ್ಟೆಂಬರ್ 12

ಆಯಿತು, ಎರಡು ರಾತ್ರಿ ಕಾಯ್ದಿರಿಸಿದೆ. ನೆಲ ಅಂತಸ್ತು. ಬದನೆಕಾಯಿ ಬಜ್ಜಿ ಎಂದ ಮೇಲೆ ಅಮ್ಮ ಒಪ್ಪಿದರು. ಆಡುಗಳ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ.

ಕಾಸಾ ಕನ್ನಡಿಗ · ಸೆಪ್ಟೆಂಬರ್ 13

ಅರ್ಗಾನ್ ಮರದ ಹಣ್ಣಿಗಾಗಿ ಆಡುಗಳು ಮರ ಹತ್ತುವುದು ನಿಜ. ಆದರೆ ಹೆದ್ದಾರಿಯ ಪಕ್ಕ, ಒಂದೇ ಮರದಲ್ಲಿ ಹನ್ನೆರಡು ಆಡುಗಳು ದಸರೆ ಗೊಂಬೆಯಂತೆ ಕದಲದೆ ನಿಂತಿದ್ದರೆ ಅದು ಯಾರೋ ಬೆಳಗ್ಗೆ ತಂದು ನಿಲ್ಲಿಸಿದ್ದು. ಹಲಗೆ ಬಡಿದು, ಕೆಲವೊಮ್ಮೆ ಕಟ್ಟಿ. ಚಿತ್ರ ತೆಗೆದರೆ ಕೈ ಚಾಚುತ್ತಾರೆ.

ಅಂಕೋಲೆಯವಳು · ಸೆಪ್ಟೆಂಬರ್ 13

ಬರಗಾಲದ ನಾಡು, ಹೊಟ್ಟೆಪಾಡು. ಕೋಲೆ ಬಸವನನ್ನು ಮನೆ ಬಾಗಿಲಿಗೆ ತಂದು ತಲೆ ಆಡಿಸಿದವನಿಗೆ ನಾವು ಅಕ್ಕಿ ಹಾಕುವುದಿಲ್ಲವೇ?

ಕಾಸಾ ಕನ್ನಡಿಗ · ಸೆಪ್ಟೆಂಬರ್ 13

ಕೋಲೆ ಬಸವ ನೆಲದ ಮೇಲೆ ನಿಂತಿರುತ್ತದೆ ಅಕ್ಕಾ, ನೆರಳಿಗೂ ಹೋಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕೊಂಬೆಗೆ ಕಟ್ಟಿದ ಮರಿ ಅರಚುವುದನ್ನು ನಾನು ಕೇಳಿದ್ದೇನೆ. ದುಡ್ಡು ಕೊಡಬೇಕೆನಿಸಿದರೆ ಹೆಂಗಸರ ಸಹಕಾರ ಸಂಘದಿಂದ ಎಣ್ಣೆ ಕೊಳ್ಳಿ. ಅಡುಗೆಯದು ಬೀಜ ಹುರಿದು ತೆಗೆದದ್ದು, ಕಡಲೆಕಾಯಿ ಹುರಿದ ಘಮ. ಮೈಗೆ ಹಚ್ಚುವುದು ಹುರಿಯದ್ದು. ತೀರಾ ಅಗ್ಗವಾಗಿ ಸಿಕ್ಕರೆ ಬೆರಕೆ ಎಂದೇ ತಿಳಿಯಿರಿ.

ಮೈಸೂರಿನವರೆಂದು ಇನ್ನೊಂದು ಹೇಳುತ್ತೇನೆ. ಊರಿನ ಸ್ಕಾಲಾ ಕೆಳಗೆ, ಹಿಂದೆ ಮದ್ದುಗುಂಡು ಇಡುತ್ತಿದ್ದ ಕಮಾನುಗಳಲ್ಲಿ ಈಗ ಬಡಗಿಗಳಿದ್ದಾರೆ. ಥುಯಾ ಎಂಬ ಮರದ ಬೇರುಗಂಟಿನಲ್ಲಿ ಪೆಟ್ಟಿಗೆ, ತಟ್ಟೆ ಮಾಡುತ್ತಾರೆ, ನಿಂಬೆ ಮರದ ಚೂರು, ಮುತ್ತಿನ ಚಿಪ್ಪು ಕೂರಿಸುತ್ತಾರೆ. ನಿಮ್ಮೂರಿನ ಬೀಟೆ ಮರದ ಕುಸುರಿ ನೋಡಿದವರಿಗೆ ಅಲ್ಲಿಂದ ಏಳಲು ಮನಸ್ಸಾಗುವುದಿಲ್ಲ. ಅತಿಯಾಗಿ ಕಡಿದು ಮರ ಕಡಿಮೆಯಾಗುತ್ತಿದೆ, ಆದ್ದರಿಂದ ದೊಡ್ಡ ಮೇಜಿನ ಆಸೆ ಬೇಡ. ಸಣ್ಣದೊಂದು ಗುಪ್ತ ಬೀಗದ ಪೆಟ್ಟಿಗೆ ಸಾಕು.

ಕುಕ್ಕರಹಳ್ಳಿ ಕೆರೆ · ನವೆಂಬರ್ 2

ಹೋಗಿ ಬಂದೆವು. ಎಲ್ಲರಿಗೂ ವರದಿ ಒಪ್ಪಿಸಬೇಕಲ್ಲ.

ಬಸ್ಸಿನಿಂದ ಇಳಿದ ಕೂಡಲೇ ಅಮ್ಮನ ಸೆರಗು ಧ್ವಜವಾಯಿತು. ಸೊಕ್ಕು ಇಳಿದ ಗಾಳಿಯೇ ಹೀಗಿದ್ದರೆ ಜುಲೈನದು ಹೇಗಿರಬೇಡ, ರಾಜಾಜಿನಗರದವರಿಗೆ ಅರ್ಧ ಅಂಕ ಕೊಟ್ಟೆ. ಎರಡು ಪಿನ್ನು ಹಾಕಿದರೂ ನಿಲ್ಲಲಿಲ್ಲ. ಮೀನು ಪೇಟೆಯ ಹತ್ತಿರ ಮೈತುಂಬ ಬಿಳಿ ಹಾಯಿಕ್ ಹೊದ್ದ ಅಜ್ಜಿಯೊಬ್ಬರು ನಿಂತು ನಕ್ಕರು. ಹತ್ತಿರ ಬಂದು, ಸೆರಗನ್ನು ತಲೆಯ ಮೇಲಿಂದ ತಂದು, ಎಡ ಕಂಕುಳ ಕೆಳಗೆ ಸಿಕ್ಕಿಸಿ, ತುದಿಯನ್ನು ಅಮ್ಮನ ಮುಷ್ಟಿಗೆ ಕೊಟ್ಟು, ಆ ಮುಷ್ಟಿಯನ್ನು ಒಮ್ಮೆ ಅದುಮಿದರು. ಬಿಡಬೇಡ ಎಂಬಂತೆ. ಒಂದು ಮಾತೂ ಇಲ್ಲ. ಎರಡು ದಿನ ಅಮ್ಮ ಹಾಗೆಯೇ ತಿರುಗಾಡಿದರು. ಮುಂದೆ ಅಂಗಡಿಯವರೆಲ್ಲ ಬಾಲಿವುಡ್ ನಟರ ಹೆಸರು ಹಿಡಿದು ಕೂಗಿದಾಗ ತುದಿ ಬಿಡದೆಯೇ ನಮಸ್ಕಾರ ಮಾಡುತ್ತಿದ್ದರು.

ಬಿಸ್ಸಾರ ಎರಡು ಬಾರಿ. 'ಒಂದು ಒಗ್ಗರಣೆ ಬಿದ್ದಿದ್ದರೆ' ಎಂಬ ಟಿಪ್ಪಣಿಯೊಂದಿಗೆ. ಜಾಲೂಕ್ ಬಂದಾಗ ಅಮ್ಮ ಏನೆಂದರು ಎಂದು ಪುಳಿಯೋಗರೆ ಡಬ್ಬಿಯವರಿಗೆ ಹೇಳಬೇಕಾಗಿಲ್ಲ.

ಬಡಗಿಯ ಕಮಾನಿನಲ್ಲಿ ಒಂದೂವರೆ ಗಂಟೆ ಕಳೆಯಿತು. ಒಳಗೆ ಕಾಲಿಟ್ಟರೆ ಕರಿಮೆಣಸು, ಕರ್ಪೂರ ಕೂಡಿದಂಥ ವಾಸನೆ. ಬಡಗಿ ಹಸಿ ತುಂಡೊಂದನ್ನು ಎತ್ತಿ, ಹೆಬ್ಬೆರಳಿಗೆ ಉಗುಳು ಹಚ್ಚಿ ಅದರ ಮೇಲೆ ಒರೆಸಿದ. ಬೂದಿ ಬಣ್ಣದ ಮರದೊಳಗಿಂದ ಹುಲಿಕಣ್ಣಿನಂಥ ಚುಕ್ಕೆಗಳು ಎದ್ದವು. ಅಮ್ಮ ಪೆಟ್ಟಿಗೆಯ ಮೇಲಿನ ಕುಸುರಿಯ ಉದ್ದಕ್ಕೂ ಉಗುರು ಎಳೆದರು. ಮೈಸೂರಿನಲ್ಲಿ ಬೀಟೆ ತಟ್ಟೆ ಕೊಳ್ಳುವಾಗ ಮಾಡುವುದೂ ಹೀಗೆಯೇ, ಸೇರಿಕೆ ಉಗುರಿಗೆ ಸಿಗಬಾರದು. ಬಡಗಿ ಅದನ್ನು ನೋಡಿದ. ಆ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಒಳಗಿನಿಂದ ಬೇರೊಂದು ತಂದ. ಬೆಲೆ ಹೆಚ್ಚು, ಆದರೆ ಚೌಕಾಸಿ ಮಾಡಲು ಅಮ್ಮ ನನ್ನನ್ನು ಬಿಡಲಿಲ್ಲ.

ನೆನಪಿನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಹೊರಟುಹೋದವರ ಮದುವೆಯ ಚಿತ್ರಗಳ ಮುಂದೆ ಅಮ್ಮ ಬಹಳ ಹೊತ್ತು ನಿಂತರು. ನಾನೇನೂ ಕೇಳಲಿಲ್ಲ. ಸಂಜೆ ಸ್ಕಾಲಾ ಗೋಡೆಯಲ್ಲಿ ವ್ಯಾನುಗಳು ಹೋದ ಮೇಲೆ ಕೂತಿದ್ದೆವು, ಅದರ ಬಗ್ಗೆ ಕಾಸಾ ಕನ್ನಡಿಗರು ಬರೆದದ್ದೇ ಸಾಕು. ಗುಂಬ್ರಿ ಕೇಳಿಸಲಿಲ್ಲ, ಅದೊಂದು ಬಾಕಿ.

ಒಂದೇ ಕಹಿ. ಹೊರಡುವ ಬೆಳಗ್ಗೆ ಕೋಣೆಯ ಕೀಲಿಕೈ ಸಿಗಲಿಲ್ಲ. ಅಂಗೈ ಉದ್ದದ ಹಳೇ ಹಿತ್ತಾಳೆ ಕೀಲಿ. ಹಾಸಿಗೆ ಕೊಡವಿ, ಚೀಲ ಬರಿದು ಮಾಡಿ ಹುಡುಕಿದರೂ ಇಲ್ಲ. ಉಳಿದಿದ್ದ ಕಡೆಯವರು 200 ದಿರ್ಹಮ್ ಕಟ್ಟಿಸಿಕೊಂಡರು. ಕೆಲಸದ ಹುಡುಗನೇ ಎಲ್ಲೋ ಇಟ್ಟು ನಮ್ಮ ತಲೆಗೆ ಕಟ್ಟಿದನೆಂದು ನನ್ನ ಗುಮಾನಿ.

ರಾಜಾಜಿನಗರ 3ನೇ ಬ್ಲಾಕ್ · ನವೆಂಬರ್ 2

ನಾನು ಹೇಳಿರಲಿಲ್ಲವೇ? ಉಳಿದರ್ಧ ಅಂಕವನ್ನೂ ಕೊಟ್ಟುಬಿಡಿ.

ಕುಕ್ಕರಹಳ್ಳಿ ಕೆರೆ · ನವೆಂಬರ್ 9

ಕಾಸಾ ಕನ್ನಡಿಗರೇ, ಒಂದು ಸಹಾಯ. ಆ ಗುಪ್ತ ಬೀಗದ ಪೆಟ್ಟಿಗೆ ತೆರೆಯುತ್ತಿಲ್ಲ. ಬಡಗಿ ತೋರಿಸಿಕೊಟ್ಟಾಗ ಇಬ್ಬರೂ ತಲೆಯಾಡಿಸಿದ್ದೆವು, ಈಗ ಇಬ್ಬರಿಗೂ ನೆನಪಿಲ್ಲ. ಅಲ್ಲಾಡಿಸಿದರೆ ಒಳಗೆ ಏನೋ ಸದ್ದಾಗುತ್ತದೆ. ತಮ್ಮ ಉಳಿ ತರುತ್ತೇನೆ ಎನ್ನುತ್ತಿದ್ದಾನೆ.

ಕಾಸಾ ಕನ್ನಡಿಗ · ನವೆಂಬರ್ 9

ಉಳಿಯನ್ನು ದೂರ ಇಡಿ! ಪೆಟ್ಟಿಗೆಗೊಂದು ಬಗೆ, ಆದರೂ ನನ್ನದು ಹೀಗೆ: ತಳದ ಅಂಚಿನ ಪಟ್ಟಿಗಳಲ್ಲಿ ಒಂದು ಸಡಿಲ ಇರುತ್ತದೆ. ಹೆಬ್ಬೆರಳಿನಿಂದ ನಾಲ್ಕನ್ನೂ ಒಂದೊಂದಾಗಿ ಪಕ್ಕಕ್ಕೆ ತಳ್ಳಿ ನೋಡಿ. ಒಂದು ಜರುಗಿದರೆ ಪೆಟ್ಟಿಗೆ ಓರೆ ಮಾಡಿ, ಪುಟ್ಟ ಕೀಲಿ ಜಾರಿ ಬೀಳುತ್ತದೆ. ಈಗ ಮುಂದಿನ ಹಲಗೆಯನ್ನು ಮೇಲಕ್ಕೆ ಎತ್ತಿ, ಅದರ ಹಿಂದೆ ಬೀಗದ ಕಂಡಿ.

ಕುಕ್ಕರಹಳ್ಳಿ ಕೆರೆ · ನವೆಂಬರ್ 9

ತೆರೆಯಿತು. ಎಡಗಡೆಯ ಪಟ್ಟಿ.

ಒಳಗೆ ಅಂಗೈ ಉದ್ದದ ಹಳೇ ಹಿತ್ತಾಳೆ ಕೀಲಿಕೈ ಇದೆ. 'ಕಳೆದುಹೋಗದಿರಲಿ ಎಂದು ನಾನೇ ಭದ್ರವಾಗಿಟ್ಟಿದ್ದೆ' ಎನ್ನುತ್ತಿದ್ದಾರೆ ಅಮ್ಮ. ಆ ಹುಡುಗನ ಬಗ್ಗೆ ಬರೆದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಮೈಸೂರಿನಿಂದ ಮೊರಾಕ್ಕೋಗೆ ಅಂಚೆಯಲ್ಲಿ ಕೀಲಿ ಕಳುಹಿಸಲು ಎಷ್ಟಾಗುತ್ತದೆ, ಯಾರಿಗಾದರೂ ಗೊತ್ತೇ?

ಮಲ್ಪೆ ಮೀನು · ನವೆಂಬರ್ 9

200 ದಿರ್ಹಮ್‌ಗಿಂತ ಜಾಸ್ತಿ ಆದೀತು. ನಾನು ಮಾರ್ಚಿನಲ್ಲಿ ಮತ್ತೆ ಹೋಗುತ್ತಿದ್ದೇನೆ, ಉಡುಪಿ ಬಸ್ಸಿಗೆ ಹಾಕಿ ಕಳುಹಿಸಿ. ಪೆಟ್ಟಿಗೆಯಲ್ಲಿಟ್ಟು ಬೇಡ.